ಮೂರು ವರ್ಷದ ಶಾಲಾ ಅಭಿವೃದ್ಧಿ ಯೋಜನೆ: ಧ್ಯೇಯ, ಮೌಲ್ಯ, ಗುರಿ ಬರೆಯುವುದು ಹೇಗೆ?

ಕರಿಹಲಗೆ

1ರಿಂದ 7ನೇ ತರಗತಿವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 84 ಮಕ್ಕಳು (1ರಿಂದ 5ಕ್ಕೆ 58, 6 ಮತ್ತು 7ಕ್ಕೆ 26). ಮುಖ್ಯ ಶಿಕ್ಷಕರೂ ಪಾಠ ಮಾಡುತ್ತಾರೆ, ಅವರನ್ನು ಸೇರಿಸಿ ನಾಲ್ವರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೊಸದಾಗಿ ರಚನೆಯಾಗಿದ್ದು, ಮೂರು ವರ್ಷದ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕಿದೆ.

ನಮೂನೆಯ ಮೊದಲ ಪುಟ ದೂರದೃಷ್ಟಿ, ಧ್ಯೇಯ, ಮೌಲ್ಯ. ಅದರ ಕೆಳಗೆ ಗುರಿಗಳಿಗೆ 15 ಸಾಲು. ವಾಟ್ಸಾಪ್‌ನಲ್ಲಿ ಸಿಗುವ ಭರ್ತಿ ಮಾಡಿದ ಪ್ರತಿಗಳಲ್ಲಿ ಎಲ್ಲ ಶಾಲೆಯದ್ದೂ ಒಂದೇ ಮಾತು, "ಗುಣಾತ್ಮಕ ಶಿಕ್ಷಣದ ಮೂಲಕ ಮಕ್ಕಳ ಸರ್ವಾಂಗೀಣ ಅಭಿವೃದ್ಧಿ". ಅದನ್ನೇ ನಕಲು ಮಾಡಿ ಕೊಡುವ ಮನಸ್ಸಿಲ್ಲ. ಕಾನೂನಿನ ಪ್ರಕಾರ ಏನೇನು ಇರಲೇಬೇಕು? ಎಷ್ಟು ಗುರಿ ಸಾಕು? ಶಿಕ್ಷಕರು ದಿನಾ ತರಗತಿಯಲ್ಲಿ ಬಳಸುವಂತೆ ಅವನ್ನು ಬರೆಯುವುದು ಹೇಗೆ? ಮಾಡಿ ಗೊತ್ತಿರುವವರು ವಿವರವಾಗಿ ಬರೆಯಿರಿ.

ಸಿಆರ್‌ಪಿ ಮಲೆನಾಡು

ಮೊದಲು ಕಾನೂನು. ಶಿಕ್ಷಣ ಹಕ್ಕು ಕಾಯ್ದೆ 2009ರ ಸೆಕ್ಷನ್ 21 ಶಾಲಾ ಆಡಳಿತ ಸಮಿತಿಯದ್ದು: ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ನಮ್ಮಲ್ಲಿ ಆ ಕೆಲಸಕ್ಕೆ 2001ರಿಂದಲೇ ಎಸ್‌ಡಿಎಂಸಿ ಇದೆ. ಸೆಕ್ಷನ್ 22 ಯೋಜನೆಯದ್ದು. ಕೇಂದ್ರದ ಮಾದರಿ ನಿಯಮದಂತೆ ಅದು ಮೂರು ವರ್ಷದ ಯೋಜನೆ, ಒಳಗೆ ಮೂರು ವಾರ್ಷಿಕ ಉಪಯೋಜನೆ. ಸಮಿತಿ ರಚನೆಯಾದ ಆರ್ಥಿಕ ವರ್ಷ ಮುಗಿಯಲು ಕನಿಷ್ಠ 3 ತಿಂಗಳು ಇರುವಾಗಲೇ ತಯಾರಾಗಬೇಕು. ಅಂದರೆ ಡಿಸೆಂಬರ್ ಕೊನೆಯೊಳಗೆ.

ಅದರಲ್ಲಿ ಕಡ್ಡಾಯವಾಗಿ ಇರಬೇಕಾದವು: ಪ್ರತಿ ವರ್ಷದ ತರಗತಿವಾರು ದಾಖಲಾತಿ ಅಂದಾಜು, ಹೆಚ್ಚುವರಿ ಶಿಕ್ಷಕರ ಅಗತ್ಯ (1ರಿಂದ 5ಕ್ಕೆ ಬೇರೆ, 6ರಿಂದ 8ಕ್ಕೆ ಬೇರೆ), ಕಟ್ಟಡ ಮತ್ತು ಸಲಕರಣೆಗಳ ಅಗತ್ಯ, ವರ್ಷವಾರು ಹಣದ ಅಗತ್ಯ. ಧ್ಯೇಯವಾಕ್ಯ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ! ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಬಹಳ ಕಡೆ ಮೊದಲ ಪುಟ ಚೆಂದ ಮಾಡುವುದರಲ್ಲೇ ಸಮಯ ಹೋಗಿ, ಕಾಯ್ದೆ ಕೇಳುವ ನಾಲ್ಕೂ ವಿವರ ಅರ್ಧಂಬರ್ಧ ಉಳಿದಿರುತ್ತವೆ.

ನಿಮ್ಮ ಶಾಲೆಯನ್ನೇ ತೆಗೆದುಕೊಳ್ಳಿ. ಕಾಯ್ದೆಯ ಅನುಸೂಚಿಯಂತೆ 1ರಿಂದ 5ರಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 6ನೇ ತರಗತಿಯಿಂದ ಮೇಲಕ್ಕೆ ವಿಜ್ಞಾನ-ಗಣಿತ, ಸಮಾಜ, ಭಾಷೆ ಇವಕ್ಕೆ ತಲಾ ಒಬ್ಬರಂತೆ ಮೂವರು. ಒಟ್ಟು ಐವರಾಗಬೇಕು, ನಿಮ್ಮಲ್ಲಿರುವುದು ನಾಲ್ವರು. ಇನ್ನು 58ರ ಜಾಗದಲ್ಲಿ 61 ಆದರೆ ಕೆಳಗಿನ ತರಗತಿಗಳಿಗೂ ಮೂರನೆಯವರ ಬೇಡಿಕೆ ಹುಟ್ಟುತ್ತದೆ. ಅಂಗನವಾಡಿಯಿಂದ ಬರುವ ಮಕ್ಕಳ ಹೆಸರಿನ ಪಟ್ಟಿ ತೆಗೆದುಕೊಂಡು ದಾಖಲಾತಿ ಅಂದಾಜು ಹಾಕಿ. ಕಳೆದ ವರ್ಷದ ಸಂಖ್ಯೆಗೆ ಶೇ 5 ಸೇರಿಸಿ ಬರೆಯುವ ರೂಢಿ ಬಿಡಿ.

ಧ್ಯೇಯವಾಕ್ಯವನ್ನು ಕೊನೆಗೆ ಬರೆಯಿರಿ. ಮೊದಲು ಶಾಲೆ ಎಲ್ಲಿದೆ ಅನ್ನುವುದು ಗೊತ್ತಾಗಲಿ.

ನಲಿಕಲಿ ಟೀಚರ್

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸರ್ ಹೇಳಿದ ಕೊನೆಯ ಮಾತಿನಿಂದಲೇ ಶುರು ಮಾಡ್ತೀನಿ. ಶಾಲೆ ಎಲ್ಲಿದೆ ಅಂತ ತಿಳಿಯಲು ಎಫ್‌ಎ, ಎಸ್‌ಎ (ವರ್ಷದ ನಡುವಿನ ಮತ್ತು ಅವಧಿ ಕೊನೆಯ ಪರೀಕ್ಷೆ) ಅಂಕಗಳು ಸಾಲವು. 4ನೇ ತರಗತಿಯಲ್ಲಿ ಬಿ ಶ್ರೇಣಿ ಬಂದ ಮಗುವಿಗೆ ಓದಲು ಬರುತ್ತದೋ ಇಲ್ಲವೋ ಆ ಶ್ರೇಣಿಯಿಂದ ಗೊತ್ತಾಗುವುದಿಲ್ಲ. ಹಲಗೆ ನೋಡಿ ಬರೆದ ಉತ್ತರಕ್ಕೂ, ಬಾಯಿಪಾಠಕ್ಕೂ, ಚಟುವಟಿಕೆಗೂ ಅಂಕ ಸೇರಿರುತ್ತದೆ.

ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು ಓದಿಸಬೇಕು. ಒಂದು ಮಗುವಿಗೆ 5 ನಿಮಿಷ. 84 ಮಕ್ಕಳಿಗೆ 7 ಗಂಟೆ. ನಾಲ್ವರು ಹಂಚಿಕೊಂಡರೆ ತಲಾ ಒಂದೂಮುಕ್ಕಾಲು ಗಂಟೆ, ಮೂರು ದಿನದಲ್ಲಿ ಆರಾಮಾಗಿ ಮುಗಿಯುತ್ತದೆ. ತರಗತಿಯಲ್ಲಿ ಎಲ್ಲರ ಮುಂದೆ ಓದಿಸಬೇಡಿ. ನಾಚಿಕೆಯಿಂದ ಸುಮ್ಮನಾಗುವ ಮಗುವನ್ನು "ಓದಲು ಬಾರದು" ಎಂದು ಬರೆದುಕೊಳ್ಳುವ ಅಪಾಯ ಇದೆ. ಜೊತೆಗೆ, ಹಿಂದೆ ಕುಳಿತವರು ಕೇಳಿಸಿಕೊಂಡು ಅದನ್ನೇ ಒಪ್ಪಿಸುತ್ತಾರೆ.

ಕನ್ನಡ ಓದಿನಲ್ಲಿ ಮಕ್ಕಳು ನಿಲ್ಲುವ ಜಾಗಗಳು ಇವು. ಮೂಲಾಕ್ಷರ ಬಿಡಿಯಾಗಿ ಗುರುತಿಸುವುದು. ಒತ್ತಿಲ್ಲದ ಸರಳ ಪದ. ಕಾಗುಣಿತ, ಅದರಲ್ಲೂ ಎ-ಏ, ಒ-ಓ ದೀರ್ಘಗಳು. ಆಮೇಲೆ ಒತ್ತಕ್ಷರ: ಅಕ್ಕ, ಅಪ್ಪದಂಥ ಸಜಾತಿ ಒತ್ತು ಓದುವ ಮಗು ಪುಸ್ತಕ, ಚಂದ್ರ ಬಂದಾಗ ತಡವರಿಸುತ್ತದೆ. ಸೂರ್ಯದಲ್ಲಿರುವಂಥ ಅರ್ಕಾವತ್ತು ಬಂದರೆ ಇನ್ನೂ ಕಷ್ಟ, ಏಕೆಂದರೆ ಮೊದಲು ಉಚ್ಚರಿಸುವ ರಕಾರವನ್ನು ನಂತರ ಬರೆದಿರುತ್ತದೆ. ಇದನ್ನೂ ದಾಟಿದವರಿಗೆ ವಾಕ್ಯ, ಕೊನೆಗೆ ಪುಸ್ತಕದಲ್ಲಿಲ್ಲದ 50–60 ಪದಗಳ ಪ್ಯಾರಾ ಮತ್ತು ನಾಲ್ಕು ಪ್ರಶ್ನೆ. ನಾಲ್ಕರಲ್ಲಿ ಒಂದಾದರೂ ಪ್ಯಾರಾದಲ್ಲಿ ನೇರ ಉತ್ತರ ಇಲ್ಲದ "ಯಾಕೆ?" ಪ್ರಶ್ನೆ ಇರಲಿ. ಸರಾಗವಾಗಿ ಓದಿಯೂ ಅರ್ಥ ಹೇಳಲಾಗದ ಮಕ್ಕಳು 6, 7ರಲ್ಲಿ ಸಿಗುತ್ತಾರೆ.

ಲೆಕ್ಕಕ್ಕೂ ಹೀಗೇ. 52ರಲ್ಲಿ 27 ಕಳೆಯಲು ಕೊಡಿ. 35 ಎಂದು ಬರೆದ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. ಅದಕ್ಕೆ ಕಳೆಯುವುದು ಬರುತ್ತದೆ, ದಶಕ ಬಿಡಿಸುವುದು ಬರುವುದಿಲ್ಲ. 20 ಲೆಕ್ಕ ಹೆಚ್ಚು ಕೊಟ್ಟರೆ ಆ ತಪ್ಪು ಗಟ್ಟಿಯಾಗುತ್ತದೆ. ಕಡ್ಡಿಕಟ್ಟು ಬಿಚ್ಚಿ ತೋರಿಸಿದರೆ ಸರಿಹೋಗುತ್ತದೆ.

ದೊಡ್ಡ ಹಾಳೆಯಲ್ಲಿ ಹೆಸರುಗಳನ್ನು ಎಡಕ್ಕೆ, ಹಂತಗಳನ್ನು ಮೇಲಕ್ಕೆ ಬರೆದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಸಿಬ್ಬಂದಿ ಕೊಠಡಿಯಲ್ಲಿ ಇರಲಿ. ಮಕ್ಕಳ ಕಣ್ಣಿಗೆ ಬೀಳುವ ಗೋಡೆಯಲ್ಲಿ ಬೇಡವೇ ಬೇಡ.

ಅಕ್ಷರ ಲೆಕ್ಕ

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಕೆ. 2021ರ ಜುಲೈನಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮ ನಿಪುಣ್ ಭಾರತ್ 2026–27ರೊಳಗೆ 3ನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಸಂಖ್ಯೆಯ ಬುನಾದಿ ಇರಬೇಕು ಎನ್ನುತ್ತದೆ. 2ನೇ ತರಗತಿಗೆ ನಿಮಿಷಕ್ಕೆ 45–60 ಪದ, 3ನೇ ತರಗತಿಗೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕು. ಸಂಖ್ಯೆಯಲ್ಲಿ 2ಕ್ಕೆ 999ರವರೆಗೆ, 3ಕ್ಕೆ 9,999ರವರೆಗೆ.

ಈ 60 ಪದವನ್ನು ಹಾಗೇ ಎತ್ತಿ ಗುರಿಯಾಗಿ ಬರೆಯುವ ಮುನ್ನ ಯೋಚಿಸಿ. ಕನ್ನಡದಲ್ಲಿ ವಿಭಕ್ತಿ, ಕಾಲ, ಸಂಧಿ ಎಲ್ಲ ಪದದೊಳಗೇ ಸೇರುತ್ತವೆ. "ಹೋಗುತ್ತಿದ್ದವರನ್ನು" ಒಂದೇ ಪದ. ಸಣ್ಣ ಪದಗಳ ಪ್ಯಾರಾ ಆರಿಸಿದರೆ ಗುರಿ ತಲುಪಿದಂತೆ, ಉದ್ದದ್ದು ಆರಿಸಿದರೆ ತಪ್ಪಿದಂತೆ ಕಾಣುತ್ತದೆ. ಜೂನ್, ಅಕ್ಟೋಬರ್, ಜನವರಿ ಮೂರೂ ಬಾರಿ ಒಂದೇ ಮಟ್ಟದ ಪ್ಯಾರಾ ಬಳಸಿ. ಪದಗಳ ಸಂಖ್ಯೆ, ಒಟ್ಟು ಅಕ್ಷರ, ಒತ್ತಕ್ಷರದ ಸಂಖ್ಯೆ ಹೆಚ್ಚುಕಡಿಮೆ ಸಮ ಇರಲಿ. ಆಗ ಮಗುವಿನ ಇಂದಿನ ಓದನ್ನು ಅದೇ ಮಗುವಿನ ಹಿಂದಿನ ಓದಿನ ಜೊತೆ ಹೋಲಿಸಬಹುದು, ಶಾಲೆಗೆ ಬೇಕಾದ್ದು ಅದೇ.

ತಾಂಡಾ ಪಾಲಕ, ವಿಜಯಪುರ ಕಡೆ

ನಾನು ಎಸ್‌ಡಿಎಂಸಿ ಕಡೀಂದ ಹೇಳತೀನ್ರಿ. ಓದು, ಲೆಕ್ಕ ಎಲ್ಲಾ ಖರೇ, ಆದ್ರ ಹುಡುಗ ಸಾಲಿಗೆ ಬಂದ್ರ ಅಲ್ಲೇನ್ರಿ? ನಮ್ಮ ಕಡೆ ದೀಪಾವಳಿ ಆದ ಮ್ಯಾಲ ಕಬ್ಬು ಕಡಿಯಾಕ ಮಂದಿ ಹೊಂಟ್ರ ಯುಗಾದಿ ಹೊತ್ತಿಗೆ ವಾಪಸ್ ಬರ್ತಾರ. ಮಕ್ಕಳನ್ನ ಯಾರ ಕೈಯಾಗ ಬಿಟ್ಟು ಹೋಗೂದು?

ಹಾಜರಿ ಗುರಿ ಬರಿಯೂವಾಗ ಸರಾಸರಿ ಹಿಡೀಬ್ಯಾಡ್ರಿ. 12 ಮಕ್ಕಳ ತರಗತಿಯಾಗ 10 ಮಂದಿ ನೂರಕ್ಕ 95, ಇಬ್ಬರು ನೂರಕ್ಕ 50 ಬಂದ್ರೂ ಸರಾಸರಿ 87.5 ಆಕ್ಕೈತಿ. ಕಾಗದ ನೋಡಿದವ್ರು ಛಲೋ ಐತಿ ಅಂತಾರ, ಆ ಇಬ್ಬರು ಕಣ್ಣಿಗೆ ಬೀಳಂಗಿಲ್ಲ. ಹೆಸರು ಹಿಡದು ಪಟ್ಟಿ ಮಾಡ್ರಿ: ಯಾರು ತಿಂಗಳಿಗೆ 5 ದಿನಕ್ಕಿಂತ ಜಾಸ್ತಿ ತಪ್ಪಸ್ತಾರ, ಯಾಕ ತಪ್ಪಸ್ತಾರ. ಗುಳೆ ಹೋಗೂದು ಬ್ಯಾರೆ, ತಂಗಿ-ತಮ್ಮನ್ನ ನೋಡಿಕೊಳ್ಳೂದು ಬ್ಯಾರೆ, ಮಾಸ್ತರರಿಗೆ ಅಂಜಿ ಕುಂದ್ರೂದು ಬ್ಯಾರೆ. ಮೂರಕ್ಕೂ ಒಂದ ಮದ್ದು ನಡಿಯಂಗಿಲ್ಲ.

ಗುಳೆ ಹೋಗೂ ಮನಿಗಳ ಪಟ್ಟಿ ದಸರಾಕ್ಕ ಮೊದಲ ತಯಾರಿರಬೇಕು. ಅಜ್ಜ-ಅಜ್ಜಿ ಹತ್ರ ಬಿಡೂ ಮಕ್ಕಳೆಷ್ಟು, ಋತುಮಾನದ ವಸತಿ ಕೇಂದ್ರ ಬೇಕಾದವ್ರೆಷ್ಟು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಆಗ ಬರದು ಕೊಡ್ರಿ. ನವಂಬರದಾಗ ಬರದ್ರ ಲಾರಿ ಹೋಗಿರ್ತೈತಿ. ಜೊತಿಗೆ ಕರಕೊಂಡು ಹೋಗಾವ್ರಿಗೆ ಎಸ್‌ಎಟಿಎಸ್ ನಂಬರ (ಇಲಾಖೆ ಪ್ರತಿ ಹುಡುಗಗ ಕೊಡೂ ಗುರುತಿನ ನಂಬರ) ಚೀಟ್ಯಾಗ ಬರದು ಕೊಡ್ರಿ. ಕರ್ನಾಟಕದ ಯಾವ ಸಾಲಿಗಿ ಹೋದ್ರೂ ಆ ನಂಬರಿನ ಮ್ಯಾಲ ಹುಡುಗನ ದಾಖಲೆ ಸಿಗತೈತಿ.

ಇನ್ನೊಂದು. ಸಭೆ ಮುಂಜಾನೆ 11ಕ್ಕ ಇಟ್ರ ಕೂಲಿ ಬಿಟ್ಟು ಯಾರೂ ಬರಂಗಿಲ್ರಿ. ಸಂಜಿ 6 ಮ್ಯಾಲ ಇಡ್ರಿ, ತಾಂಡಾದಾಗ ಇಡ್ರಿ. ಯೋಜನಾ ಓದಿ ಹೇಳ್ರಿ, ಆಮ್ಯಾಲ ಸಹಿ ತಗೋರಿ. ನಮ್ಮ ಮಕ್ಕಳು ಮನ್ಯಾಗ ಮಾತಾಡೂದು ಲಂಬಾಣಿ. ಒಂದನೇತ್ತಾದಾಗ ಕನ್ನಡ ಅಕ್ಷರಕ್ಕಿಂತ ಮೊದಲ ಕನ್ನಡ ಮಾತು ಬರಬೇಕು ಅನ್ನೂದೂ ಒಂದು ಗುರಿನ ಐತಿ.

ನಲಿಕಲಿ ಟೀಚರ್

ಅಣ್ಣಾ, ಕೊನೆಯ ಮಾತು ಬಹಳ ಮುಖ್ಯ. ನಲಿಕಲಿಯಲ್ಲಿ (ಕೆಳಗಿನ ತರಗತಿಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ) ಅಕ್ಷರ ಕಲಿಕೆ ರ, ಗ, ಸ, ದ, ಅ ಇಂದ ಶುರುವಾಗುವುದು ಅವುಗಳಿಂದ ಮಗುವಿಗೆ ಗೊತ್ತಿರುವ ಪದಗಳನ್ನು ಬೇಗ ಕಟ್ಟಬಹುದು ಎಂಬ ಲೆಕ್ಕದ ಮೇಲೆ. ಮನೆಮಾತು ಲಂಬಾಣಿ, ತುಳು, ಬ್ಯಾರಿ, ಉರ್ದು ಆಗಿರುವ ಮಗುವಿಗೆ "ಸರ", "ಗರಗಸ" ಅಪರಿಚಿತ ಸದ್ದು ಮಾತ್ರ. ಮೊದಲ ಎರಡು ತಿಂಗಳು ಚಿತ್ರ, ಹಾಡು, ಕಥೆ, ಮಾತು ಹೆಚ್ಚಿರಲಿ. ಆ ಮಗುವಿನ ಭಾಷೆಯ ಹತ್ತಿಪ್ಪತ್ತು ಪದ ಶಿಕ್ಷಕರೂ ಕಲಿತರೆ ಮಗು ಬೇಗ ಬಾಯಿ ಬಿಡುತ್ತದೆ.

ಪ್ರಾರ್ಥನೆ ಗಂಟೆ

ಮೌಲ್ಯಗಳ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ನನ್ನ ಪ್ರಕಾರ ಯೋಜನೆಯಲ್ಲಿ ಹೆಚ್ಚು ಪೊಳ್ಳಾಗಿ ಉಳಿಯುವ ಭಾಗ ಅದೇ, ಮಕ್ಕಳಿಗೆ ಹೆಚ್ಚು ತಟ್ಟುವುದೂ ಅದೇ.

ಮೌಲ್ಯಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಕಾಯ್ದೆಯ ಸೆಕ್ಷನ್ 29 ಪಠ್ಯ ಮತ್ತು ಮೌಲ್ಯಮಾಪನ ಸಂವಿಧಾನದ ಆಶಯಕ್ಕೆ ತಕ್ಕಂತೆ ಇರಬೇಕು, ಮಗು ಭಯ ಮತ್ತು ಆತಂಕವಿಲ್ಲದೆ ಮನಸ್ಸಿನ ಮಾತು ಹೇಳುವಂತಿರಬೇಕು ಎನ್ನುತ್ತದೆ. ಸೆಕ್ಷನ್ 17 ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. 2023ರಿಂದ ನಮ್ಮ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂದು ಮಕ್ಕಳು ದಿನಾ ಹೇಳುತ್ತಾರೆ. ಹೇಳಿದ ಹತ್ತು ನಿಮಿಷಕ್ಕೆ ತರಗತಿಯಲ್ಲಿ ಏನು ನಡೆಯುತ್ತದೆ ಎಂಬಲ್ಲೇ ಆ ಮೌಲ್ಯ ಇರುವುದು.

ಹಾಗಾಗಿ ಪ್ರತಿ ಮೌಲ್ಯದ ಮುಂದೆ ಕಣ್ಣಿಗೆ ಕಾಣುವ ಎರಡು ಮೂರು ರೂಢಿ ಬರೆಯಿರಿ. "ಸಮಾನತೆ" ಅಂದರೆ: ಬಿಸಿಯೂಟದಲ್ಲಿ ಕೂರುವ ಸಾಲು ಬದಲಾಗುತ್ತಿರಬೇಕು, ಜಾತಿ ಅಥವಾ ಕೇರಿ ನೋಡಿ ಗುಂಪಾಗಿ ಕೂರುವುದು ಕಂಡರೆ ಶಿಕ್ಷಕರೇ ನಡುವೆ ಕೂತು ಊಟ ಮಾಡಬೇಕು. ಗುಡಿಸುವುದು, ನೀರು ತರುವುದು ಹುಡುಗಿಯರ ಪಾಲಿಗೇ ಬೀಳದಂತೆ ವಾರದ ಪಾಳಿ ಪಟ್ಟಿ ಇರಬೇಕು, ಅದರಲ್ಲಿ ಹುಡುಗರ ಹೆಸರೂ ಇರಬೇಕು. ಶೌಚಾಲಯ ತೊಳೆಯುವ ಕೆಲಸವನ್ನು ಯಾವ ಮಗುವಿಗೂ ಹಚ್ಚಬಾರದು. ಎಸ್‌ಡಿಎಂಸಿ ಸಭೆಯಲ್ಲಿ ಮಹಿಳಾ ಸದಸ್ಯರು ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕು. ಮನೆಯಲ್ಲಿ ಗಂಡ ಸಹಿ ಹಾಕಿ ಕಳಿಸಿದರೆ ಅದನ್ನು ಹಾಜರಿ ಎಂದು ಪರಿಗಣಿಸಬಾರದು.

"ಭಯವಿಲ್ಲದ ಶಾಲೆ" ಅಂದರೆ: ತರಗತಿಯಲ್ಲಿ ಕೋಲು ಇಲ್ಲ. "ದಡ್ಡ", "ನಿಮ್ಮ ಮನೆಯವರೇ ಹಾಗೆ" ಎಂಬ ಮಾತಿಲ್ಲ. ಓದಲು ಬಾರದವರನ್ನು ಹಿಂದಿನ ಸಾಲಿಗೆ ತಳ್ಳುವುದಿಲ್ಲ. ದೂರು ಪೆಟ್ಟಿಗೆ ಇಟ್ಟು ಕೀಲಿ ಮುಖ್ಯ ಶಿಕ್ಷಕರ ಬಳಿಯೇ ಇದ್ದರೆ ಮಕ್ಕಳು ಚೀಟಿ ಹಾಕುವುದಿಲ್ಲ. ತಿಂಗಳಿಗೊಮ್ಮೆ ಎಸ್‌ಡಿಎಂಸಿಯ ಒಬ್ಬ ಮಹಿಳಾ ಸದಸ್ಯರ ಎದುರಿಗೆ ತೆರೆಯಲಿ.

ಹತ್ತು ಮೌಲ್ಯ ಬೇಡ. ಮೂರು ಸಾಕು, ಅದರ ರೂಢಿಗಳನ್ನು ಮಕ್ಕಳಿಂದಲೇ ಕೇಳಿ. ಮಕ್ಕಳ ಗ್ರಾಮಸಭೆಗೆ ತಯಾರಿ ಮಾಡುವಾಗ ಅವರು ಹೇಳುವ ಮಾತುಗಳಲ್ಲಿ ಅರ್ಧ ಈ ಭಾಗಕ್ಕೇ ಸೇರುವಂಥವು: ಶೌಚಾಲಯಕ್ಕೆ ಚಿಲಕ ಇಲ್ಲ, ದೊಡ್ಡ ಹುಡುಗರು ಚೆಂಡು ಕೊಡುವುದಿಲ್ಲ, ಬರುವ ದಾರಿಯಲ್ಲಿ ನಾಯಿ ಕಾಟ.

ಸಿಆರ್‌ಪಿ ಮಲೆನಾಡು

ಈಗ ಗುರಿಗಳ ಸಂಖ್ಯೆ. 15 ಸಾಲು ಇದೆ ಎಂದು 15 ಗುರಿ ಬರೆಯಬೇಡಿ. ನಾಲ್ವರು ಶಿಕ್ಷಕರ ಶಾಲೆಗೆ ವರ್ಷಕ್ಕೆ ಮೂರು: ಒಂದು ಕಲಿಕೆಯದ್ದು, ಒಂದು ಹಾಜರಿಯದ್ದು, ಇನ್ನೊಂದು ಶಾಲೆಯ ವಾತಾವರಣದ್ದೋ ಸೌಕರ್ಯದ್ದೋ. ಉಳಿದ ಕೆಲಸ ನಡೆಯುತ್ತಲೇ ಇರುತ್ತದೆ, ಅದಕ್ಕೆಲ್ಲ ಗುರಿಯ ಹಣೆಪಟ್ಟಿ ಬೇಕಿಲ್ಲ.

ಪ್ರತಿ ಗುರಿಯಲ್ಲಿ ಯಾವ ಮಕ್ಕಳು, ಈಗ ಎಷ್ಟು, ಎಷ್ಟಾಗಬೇಕು, ಯಾವ ತಿಂಗಳೊಳಗೆ, ದಿನಕ್ಕೆ ಯಾವ ಅವಧಿ ಅದಕ್ಕೆ ಮೀಸಲು, ಯಾರು ಪರೀಕ್ಷಿಸುತ್ತಾರೆ ಎಂಬುದಿರಬೇಕು. "ಯಾವ ಅವಧಿ" ಎಂಬುದನ್ನೇ ಹೆಚ್ಚಿನವರು ಬಿಡುವುದು. ವೇಳಾಪಟ್ಟಿಯಲ್ಲಿ ಜಾಗ ಸಿಗದ ಗುರಿ ಕಾಗದದಲ್ಲೇ ಉಳಿಯುತ್ತದೆ. ದಿನಕ್ಕೆ 40 ನಿಮಿಷ ಓದಿನ ಗುಂಪಿಗೆ ಕೊಡುವುದಾದರೆ ಆ 40 ನಿಮಿಷ ಎಲ್ಲಿಂದ ಬಂತು ಎಂದೂ ಬರೆಯಿರಿ.

ಶಾಲೆ ತನ್ನನ್ನು ತಾನೇ ಅಳೆದುಕೊಳ್ಳುವ ಚೌಕಟ್ಟಾದ ಶಾಲಾ ಸಿದ್ಧಿಯ ಸ್ವಮೌಲ್ಯಮಾಪನವನ್ನೂ ಇದಕ್ಕೆ ಬಳಸಿಕೊಳ್ಳಿ. 7 ಕ್ಷೇತ್ರ, 46 ಮಾನದಂಡ, ಪ್ರತಿಯೊಂದಕ್ಕೂ ಮೂರು ಹಂತ. ಎಲ್ಲದರಲ್ಲೂ ಮೂರನೇ ಹಂತ ಹಾಕಿಕೊಂಡ ಶಾಲೆಗೆ ಸುಧಾರಣೆಯ ಯೋಜನೆ ಬರೆಯಲು ಏನೂ ಉಳಿಯುವುದಿಲ್ಲ. ಒಂದನೇ ಹಂತ ಎಂದು ಪ್ರಾಮಾಣಿಕವಾಗಿ ಬರೆದ ನಾಲ್ಕೈದು ಮಾನದಂಡಗಳೇ ನಿಮ್ಮ ಮೂರು ವರ್ಷದ ಕೆಲಸ.

ಹಳೇ ಹಾಜರಿ ಪುಸ್ತಕ

ಇಲ್ಲಿ ನನ್ನದೊಂದು ಭಿನ್ನಾಭಿಪ್ರಾಯ. ಅಂಕಿ ಗುರಿ ಇಟ್ಟ ಕೂಡಲೇ ಅಂಕಿ ತಿದ್ದುವುದು ಶುರುವಾಗುತ್ತದೆ. ಸೇತುಬಂಧದ (ವರ್ಷದ ಆರಂಭದಲ್ಲಿ ಹಿಂದಿನ ಕಲಿಕೆಯ ಕೊರತೆ ತುಂಬುವ ಪಾಠ) ಪೂರ್ವ ಪರೀಕ್ಷೆಯಲ್ಲಿ ಮಟ್ಟ ಕೆಳಗೆ ತೋರಿಸಿ, ಕೊನೆಯ ಸಾಫಲ್ಯ ಪರೀಕ್ಷೆಯಲ್ಲಿ ಮೇಲೆ ತೋರಿಸಿದರೆ ಪ್ರಗತಿ ತಾನಾಗಿ ಬರುತ್ತದೆ. ಕ್ಲಸ್ಟರ್ ಸಭೆಯಲ್ಲಿ ಶಾಲೆಗಳ ಹೆಸರನ್ನು ಸಾಲಾಗಿ ಓದಿ ಕೆಳಗಿನವರನ್ನು ನಿಲ್ಲಿಸಿ ಕೇಳಿದರೆ ಮುಂದಿನ ತಿಂಗಳು ಯಾರೂ ಕೆಳಗಿರುವುದಿಲ್ಲ. ಮಕ್ಕಳು ಮಾತ್ರ ಇದ್ದಲ್ಲೇ ಇರುತ್ತಾರೆ. ಅಂಕಿ ಬಿಟ್ಟು ಕೆಲಸದ ಕ್ರಮ ಮಾತ್ರ ಬರೆದರೆ ಆಗದೇ?

ಅಕ್ಷರ ಲೆಕ್ಕ

ನೀವು ಹೇಳಿದ ತೊಂದರೆ ನಿಜ. ಆದರೆ ಅಂಕಿ ಬಿಟ್ಟರೆ ಓದಲು ಬಾರದ ಮಗು 7ನೇ ತರಗತಿಯವರೆಗೂ ಯಾರ ಗಮನಕ್ಕೂ ಬಾರದೆ ಹೋಗಬಹುದು, ಅದು ಇನ್ನೂ ದೊಡ್ಡ ನಷ್ಟ. ತಿದ್ದುವ ಕಾರಣವನ್ನೇ ಕಡಿಮೆ ಮಾಡೋಣ. ತರಗತಿ ಶಿಕ್ಷಕರು ತಮ್ಮ ಮಕ್ಕಳನ್ನು ತಾವೇ ಪರೀಕ್ಷಿಸದಿರಲಿ: 4ನೇ ತರಗತಿಯವರು 6ಕ್ಕೆ, 6ರವರು 4ಕ್ಕೆ. ಹತ್ತರಲ್ಲಿ ಒಂದು ಮಗುವನ್ನು ಮುಖ್ಯ ಶಿಕ್ಷಕರು ಮತ್ತೆ ಓದಿಸಿ ನೋಡಲಿ. ಫಲಿತಾಂಶದ ಹಾಳೆ ಶಾಲೆಯಲ್ಲೇ ಉಳಿಯಲಿ. ಸಿಆರ್‌ಪಿ ಬಂದಾಗ "ಎಷ್ಟು ಶೇಕಡಾ?" ಎಂದು ಕೇಳುವ ಬದಲು "ಒತ್ತಕ್ಷರದಲ್ಲಿ ನಿಂತವರು ಯಾರು, ಅವರಿಗೆ ಏನು ಮಾಡುತ್ತಿದ್ದೀರಿ?" ಎಂದು ಕೇಳಬೇಕು.

ಸಿಆರ್‌ಪಿ ಮಲೆನಾಡು

ಒಪ್ಪಿದೆ. ಶಾಲೆಗಳನ್ನು ಸಾಲು ನಿಲ್ಲಿಸುವ ಪದ್ಧತಿ ನಿಲ್ಲಲೇಬೇಕು.

ಹಣದ ಭಾಗಕ್ಕೆ ಬರುತ್ತೇನೆ. ಸಮಗ್ರ ಶಿಕ್ಷಾ ಯೋಜನೆಯ ಸಂಯುಕ್ತ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ: 30ರವರೆಗೆ 10,000 ರೂ., 31–100ಕ್ಕೆ 25,000, 101–250ಕ್ಕೆ 50,000, 251–1,000ಕ್ಕೆ 75,000, ಅದಕ್ಕೂ ಮೇಲೆ 1 ಲಕ್ಷ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. 84 ಮಕ್ಕಳಿದ್ದರೆ 25,000 ರೂ., ಅದರಲ್ಲಿ 2,500 ಸೋಪು, ಫಿನಾಯಿಲು, ಪೊರಕೆ, ನಲ್ಲಿ ದುರಸ್ತಿಗೆ. ಹಣ ಜೂನ್‌ನಲ್ಲೇ ಕೈಗೆ ಬರುತ್ತದೆ ಎಂದು ನಂಬಿ ಕಲಿಕೆಯ ಗುರಿ ಬರೆಯಬೇಡಿ. ಓದಿನ ಗುಂಪಿಗೆ ಬೇಕಾದ್ದು ಶಾಲೆಯಲ್ಲಿರುವ ಕಥೆ ಪುಸ್ತಕ, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), 40 ನಿಮಿಷ. ಕಾಂಪೌಂಡು, ಕೊಠಡಿ, ಹೊಸ ಶೌಚಾಲಯದಂಥವನ್ನು ಬೇರೆ ಪುಟದಲ್ಲಿ ಗ್ರಾಮ ಪಂಚಾಯಿತಿಗೆ, ಇಲಾಖೆಗೆ ಕೇಳುವ ಬೇಡಿಕೆಯಾಗಿ ಬರೆಯಿರಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಕಾಂಪೌಂಡು ಬರಲಿಲ್ಲ ಎಂದು ಓದಿನ ಕೆಲಸವೂ ನಿಂತುಬಿಡುತ್ತದೆ.

ಕರಿಹಲಗೆ

ಎಲ್ಲರಿಗೂ ಧನ್ಯವಾದ. ಇಷ್ಟನ್ನೂ ಇಟ್ಟುಕೊಂಡು ಕಲಿಕೆಯ ಗುರಿಯ ಕರಡು ಹೀಗಿದೆ, ತಿದ್ದಿ ಕೊಡಿ:

"4ರಿಂದ 7ನೇ ತರಗತಿಯ 48 ಮಕ್ಕಳಲ್ಲಿ ಈಗ ಹೊಸ ಪ್ಯಾರಾ ಓದಿ ಅರ್ಥ ಹೇಳುವವರು 29. ಉಳಿದ 19ರಲ್ಲಿ 6 ಮಕ್ಕಳು ವಾಕ್ಯದಲ್ಲಿ, 9 ಮಕ್ಕಳು ಒತ್ತಕ್ಷರದಲ್ಲಿ, 4 ಮಕ್ಕಳು ಅಕ್ಷರದಲ್ಲಿ ನಿಂತಿದ್ದಾರೆ. ದಿನಾ ಮಧ್ಯಾಹ್ನದ ಮೊದಲ 40 ನಿಮಿಷ ಪರಿಹಾರ ಬೋಧನೆ. ಮಾರ್ಚ್ ವೇಳೆಗೆ 48 ಮಕ್ಕಳೂ ಓದುವಂತಾಗಬೇಕು."

ನಲಿಕಲಿ ಟೀಚರ್

ಹಂತಗಳನ್ನು ಬಿಡಿಸಿ ಬರೆದಿದ್ದು ಚೆನ್ನಾಗಿದೆ, ಮೇಷ್ಟ್ರೇ. ಆದರೆ 19 ಮಕ್ಕಳಿಗೂ ಒಂದೇ ಗಡುವು ಹಾಕಿದ್ದೀರಿ. ವಾಕ್ಯದಲ್ಲಿರುವ 6 ಮಕ್ಕಳಿಗೆ ಪಾಠ ಕಡಿಮೆ, ಓದುವ ಸಮಯ ಹೆಚ್ಚು ಬೇಕು. ಜೋಡಿ ಓದು ಮಾಡಿಸಿ, ಗಡುವನ್ನು ದಸರಾ ರಜೆಗೆ ಮುಂಚೆಯೇ ಇಡಿ. ಒತ್ತಕ್ಷರದ 9 ಮಕ್ಕಳಿಗೆ ವಾರಕ್ಕೆ ಎರಡು ಮೂರು ಒತ್ತುಗಳಂತೆ, ಅವೇ ಒತ್ತು ಮತ್ತೆ ಮತ್ತೆ ಬರುವ ಪುಟ್ಟ ಕಥೆಗಳ ಮೂಲಕ ಮಾಡಿದರೆ ಜನವರಿ ಸಾಕು. ತರಗತಿ ನೋಡದೆ ಹಂತ ನೋಡಿ ಗುಂಪು ಮಾಡಿ. 7ನೇ ತರಗತಿಯ ಮಗು 4ರ ಮಕ್ಕಳ ಜೊತೆ ಕೂರಲು ಸಂಕೋಚಪಟ್ಟರೆ ಅದಕ್ಕೆ ಬೇರೆ ಮೂಲೆ, ವಯಸ್ಸಿಗೆ ತಕ್ಕ ವಿಷಯದ ಓದು ಕೊಡಿ.

ಅಕ್ಷರದಲ್ಲೇ ನಿಂತ 4 ಮಕ್ಕಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. 4 ವರ್ಷ ಶಾಲೆಗೆ ಬಂದೂ ಅಕ್ಷರ ಗುರುತಿಸದಿದ್ದರೆ ಮೊದಲು ಹಾಜರಿ ನೋಡಿ. ಹಾಜರಿ ಸರಿಯಿದ್ದರೆ ಕಣ್ಣು, ಕಿವಿ. ಮಕ್ಕಳ ಆರೋಗ್ಯ ತಪಾಸಣೆಯ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ, ಬರುವ ದಿನ ಈ ನಾಲ್ವರೂ ಇರುವಂತೆ ಮನೆಗೆ ಹೇಳಿ ಕಳಿಸಿ. ಅದೂ ಸರಿಯಿದ್ದರೆ ಕಲಿಕಾ ನ್ಯೂನತೆ ಇರಬಹುದು, ಬ್ಲಾಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ) ಶಿಕ್ಷಕರನ್ನು ಕರೆಸಿ ತೋರಿಸಿ. ಆ ನಾಲ್ವರಿಗೆ ತಲಾ ಒಂದು ಪುಟದ ಪ್ರತ್ಯೇಕ ಯೋಜನೆ ಬೇಕು.

ಮಧ್ಯಾಹ್ನ ಊಟವಾದ ಕೂಡಲೇ ಮಕ್ಕಳು ಮಂಕಾಗಿರುತ್ತಾರೆ. ಬೆಳಗಿನ ಎರಡನೇ ಅವಧಿಗೆ ಬದಲಾಯಿಸಲು ಆಗುತ್ತದೆಯೇ ನೋಡಿ.

ತಾಂಡಾ ಪಾಲಕ, ವಿಜಯಪುರ ಕಡೆ

ಮಾರ್ಚ್ ಗಡುವು ನಮ್ಮಂಥ ಊರಿಗೆ ನಡಿಯಂಗಿಲ್ರಿ. ಆ 19ರಾಗ ಗುಳೆ ಹೋಗೂ ಮನಿ ಮಕ್ಕಳು ಎಷ್ಟು ಅದಾರ ನೋಡ್ರಿ. ಅವ್ರಿಗೆ ಜೂನದಿಂದ ಅಕ್ಟೋಬರ ತನಕ ಜಾಸ್ತಿ ವ್ಯಾಳ್ಯಾ ಕೊಡ್ರಿ, ಹೋಗೂವಾಗ ಎರಡು ಕಥಿ ಪುಸ್ತಕ ಕೈಯಾಗ ಕೊಟ್ಟು ಕಳಸ್ರಿ.

ಕರಿಹಲಗೆ

ಮೂವರು ಇದ್ದಾರೆ. ಮೂವರೂ ಒತ್ತಕ್ಷರದ ಗುಂಪಿನವರೇ, ಅವರ ಗಡುವನ್ನು ಅಕ್ಟೋಬರ್‌ಗೆ ತರುತ್ತೇನೆ. ಅವಧಿ ಬೆಳಗಿಗೆ ಬದಲಾಯಿಸಬಹುದು, ಇಂಗ್ಲಿಷ್ ಅವಧಿ ಮಧ್ಯಾಹ್ನಕ್ಕೆ ಹೋಗುತ್ತದೆ. ಧ್ಯೇಯವಾಕ್ಯಕ್ಕೆ ಈಗ ಹೀಗೆ ಬರೆದಿದ್ದೇನೆ: "ಈ ಶಾಲೆ ಬಿಡುವ ಪ್ರತಿ ಮಗುವೂ ಕನ್ನಡ ಓದಿ ಅರ್ಥಮಾಡಿಕೊಳ್ಳಬೇಕು, ದಿನಬಳಕೆಯ ಲೆಕ್ಕ ಮಾಡಬೇಕು, ಅಂಜದೆ ಪ್ರಶ್ನೆ ಕೇಳಬೇಕು." ಶನಿವಾರ ಸಂಜೆ 6ಕ್ಕೆ ಎಸ್‌ಡಿಎಂಸಿ ಸಭೆಯಲ್ಲಿ ಓದುತ್ತೇವೆ.

ಪ್ರಾರ್ಥನೆ ಗಂಟೆ

ಈ ವಾಕ್ಯ ಪೋಷಕರಿಗೂ ಅರ್ಥವಾಗುತ್ತದೆ, ಹಾಗೇ ಇರಲಿ. "ಅಂಜದೆ ಪ್ರಶ್ನೆ ಕೇಳಬೇಕು" ಎಂಬುದರ ಮುಂದೆ ಎರಡು ರೂಢಿ ಬರೆಯಲು ಮರೆಯಬೇಡಿ. ಸಭೆಯಲ್ಲಿ ಓದುವ ಮೊದಲು 5, 6, 7ನೇ ತರಗತಿ ಮಕ್ಕಳಿಗೆ ಓದಿ ಹೇಳಿ, ಅವರು ಏನು ಸೇರಿಸುತ್ತಾರೋ ಕೇಳಿ.